ಮೇಣದ ಬತ್ತಿಯ ಲೆಕ್ಕದಲ್ಲಿ ಅವ್ವನ ಕೂಲಿ ಎಲ್ಲಿದೆ?

 

ಈ ಸಲದ ಗೋಡೆ ಪತ್ರಿಕೆಗೆ ಏನು ಬರೀಲಿ ಅಂತ ಕೇಳಿದಾಗ ಕನ್ನಡ ಮೇಷ್ಟ್ರು, "ನಿನಗೆ ಗೊತ್ತಿರೋದನ್ನ ಬರಿ. ಪುಸ್ತಕ ನೋಡಿ ಇಳಿಸಬೇಡ" ಅಂದರು. ಈ ವರ್ಷ ನನಗೆ ಚೆನ್ನಾಗಿ ಗೊತ್ತಾಗಿರೋದು ಒಂದೇ ವಿಷಯ. ಅದು ಮೇಣದ ಬತ್ತಿ. ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ. ಇದರಲ್ಲಿ ತಪ್ಪಿದ್ದರೆ ತಿದ್ದಿ.

ಗೌರಿ ಹಬ್ಬದ ಮುಂಚೆ ನಾನು ಎರಡು ದಿನ ಶಾಲೆಗೆ ಬಂದಿರಲಿಲ್ಲ. ಮೂರನೇ ದಿನ ಹಾಜರಿ ಹಾಕುವಾಗ ಮಿಸ್ಸು "ಯಾಕಮ್ಮ, ಹುಷಾರಿರಲಿಲ್ವಾ?" ಅಂತ ಕೇಳಿದರು. ನಾನು "ಜ್ವರ ಮಿಸ್" ಅಂತ ಸುಳ್ಳು ಹೇಳಿದೆ. ನಿಜ ಏನೆಂದರೆ ಆ ಎರಡು ದಿನ ನಾನು ಮನೆಯಲ್ಲಿ ಕೂತು ಮೇಣದ ಬತ್ತಿಯ ಬುಡ ಕತ್ತರಿಸಿ ಪ್ಯಾಕೆಟ್ಟಿಗೆ ತುಂಬುತ್ತಿದ್ದೆ. ಮಿಸ್ಸು ಈ ಪತ್ರಿಕೆ ಓದುತ್ತಾರೆ ಅಂತ ಗೊತ್ತು. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಆ ಎರಡು ದಿನದ ಕೆಲಸಕ್ಕೆ ಎಷ್ಟು ಸಿಕ್ಕಿತು ಅಂತ ಲೆಕ್ಕ ಹಾಕಲು ಹೋಗಿಯೇ ಈ ಲೇಖನ ಹುಟ್ಟಿತು.

ನಮ್ಮವ್ವ ಮಹಿಳಾ ಸಂಘದ ಸದಸ್ಯೆ. ಆಷಾಢದಲ್ಲಿ ಸಂಘಕ್ಕೆ ಒಂದು ದಿನದ ತರಬೇತಿ ಕೊಡಲು ಯಾರೋ ಬಂದಿದ್ದರು. ಅವರು ಹೇಳಿದ್ದು ಇಷ್ಟು: "ಹತ್ತು ಕೆಜಿ ಮೇಣ ತನ್ನಿ, 1,400 ರೂಪಾಯಿ. ಬತ್ತಿ ಮಾಡಿ ಮಾರಿ, 2,400 ರೂಪಾಯಿ. ಸಾವಿರ ರೂಪಾಯಿ ಲಾಭ, ಮನೇಲಿ ಕೂತು!" ಅವ್ವ ಆವತ್ತು ರಾತ್ರಿ ಮಲಗಲೇ ಇಲ್ಲ. ಮಾರನೇ ವಾರ ಸಂಘದಿಂದ 5,000 ರೂಪಾಯಿ ಸಾಲ ತಗೊಂಡಳು. ತಿಂಗಳಿಗೆ 500 ರೂಪಾಯಿ ಕಂತು.

ಅವ್ವ ಮತ್ತು ನಾನು ಮೈಸೂರಿಗೆ ಹೋದೆವು. 2023ರಿಂದ ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡಿಲ್ಲ. ಆದರೆ ಬಸ್ ಸ್ಟ್ಯಾಂಡಿನಿಂದ ಅಂಗಡಿಗೆ ಹೋಗಿ ಮೂಟೆ ತರಲು ಆಟೋದವನು 120 ರೂಪಾಯಿ ತಗೊಂಡ. ಹನ್ನೆರಡು ಬತ್ತಿ ಹೊಯ್ಯುವ ಅಲ್ಯೂಮಿನಿಯಂ ಅಚ್ಚು ಎರಡು ತಂದೆವು, ಒಂದಕ್ಕೆ 600 ರೂಪಾಯಿ.

ಮೊದಲ ದಿನವೇ ದೊಡ್ಡ ಅನಾಹುತ ಆಗುತ್ತಿತ್ತು. ಹಳೇ ಪಾತ್ರೆಗೆ ಮೇಣ ಹಾಕಿ ನೇರವಾಗಿ ಒಲೆ ಮೇಲಿಟ್ಟೆವು. ಅವ್ವ ಹಸು ಕಟ್ಟಲು ಹೋದಳು, ನಾನು ನೂಲು ಕತ್ತರಿಸುತ್ತ ಕೂತೆ. ನೋಡಿದರೆ ಬಿಳಿ ಹೊಗೆ, ಆಮೇಲೆ ಪಾತ್ರೆಯೊಳಗೇ ಬೆಂಕಿ. ಓಡಿ ಬಂದ ಅವ್ವ ಚೊಂಬಿನ ನೀರು ಎತ್ತಿಕೊಂಡಳು. "ಬ್ಯಾಡ ಕಣವ್ವಾ, ನೀರು ಹಾಕ್ಬ್ಯಾಡ!" ಅಂತ ಕೂಗಿ, ಪಕ್ಕದಲ್ಲಿದ್ದ ದೊಡ್ಡ ತಟ್ಟೆ ಮುಚ್ಚಿ ಒಲೆ ಆರಿಸಿದೆ. ಗಾಳಿ ಸಿಗದೆ ಬೆಂಕಿ ಆರಿತು. ವಿಜ್ಞಾನದ ಮೇಷ್ಟ್ರು ಎಂಟನೇ ತರಗತಿಯಲ್ಲಿ ದಹನದ ಪಾಠ ಮಾಡುವಾಗ ಹೇಳಿದ್ದು ಆವತ್ತು ನಮ್ಮ ಮನೆ ಉಳಿಸಿತು. ಉರಿಯುವ ಮೇಣಕ್ಕೆ ನೀರು ಹಾಕಿದರೆ ನೀರು ಕೆಳಗಿಳಿದು ತಕ್ಷಣ ಕುದಿದು ಆವಿಯಾಗಿ, ಉರಿಯುವ ಮೇಣವನ್ನೇ ಮೇಲಕ್ಕೆ ಚಿಮ್ಮಿಸುತ್ತದೆ. ಮುಖ ಮೈಯೆಲ್ಲ ಸುಡುತ್ತದೆ.

ಆಮೇಲೆ ಮೇಷ್ಟ್ರ ಹತ್ತಿರ ಹೋಗಿ ಕೇಳಿದೆ. ಅವರು ಹೇಳಿದ ಉಪಾಯ ಬಹಳ ಸುಲಭ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಪಾತ್ರೆ ಇಡಬೇಕು. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಮೇಣವೂ ದಾಟುವುದಿಲ್ಲ. ಅಂಗಡಿಯಲ್ಲಿ ಸಿಗುವ ಮೇಣ ಸುಮಾರು 60 ಡಿಗ್ರಿಗೆ ಕರಗುತ್ತದೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಇದ್ದಾಗ ಹೊಯ್ದರೆ ಸಾಕು. ನೀರಿನ ಪಾತ್ರೆಯಲ್ಲಿ ನೀರು ಬತ್ತದ ಹಾಗೆ ನೋಡಿಕೊಳ್ಳಬೇಕು. ಕರಗಿದ ಮೇಣವನ್ನು ಬಿಟ್ಟು ಯಾರೂ ಏಳಬಾರದು. ಪಕ್ಕದಲ್ಲಿ ಒಂದು ಮುಚ್ಚಳ, ಒಂದು ಬಕೆಟ್ ಒಣ ಮರಳು ಇರಬೇಕು. ಚಿಕ್ಕ ಮಕ್ಕಳು ಹತ್ತಿರ ಸುಳಿಯಬಾರದು. ಈ ಕೆಲಸ ಶುರು ಮಾಡುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಬತ್ತಿ ಮಾಡುವ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಅಚ್ಚಿಗೆ ಒಳಗಡೆ ಎಣ್ಣೆ ಸವರಿ, ನೂಲನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲವಾದರೆ ನೂಲು ಒಂದು ಕಡೆ ವಾಲಿ, ಬತ್ತಿ ಒಂದೇ ಪಕ್ಕ ಕರಗಿ ಸೋರುತ್ತದೆ. ಮೇಣದ ಜೊತೆ ಸ್ವಲ್ಪ ಸ್ಟಿಯರಿಕ್ ಆಸಿಡ್ ಸೇರಿಸಿದರೆ ಬತ್ತಿ ಗಟ್ಟಿಯಾಗುತ್ತದೆ. ಹೊಯ್ದ ಮೇಲೆ ಅಚ್ಚನ್ನು ನೀರಿನ ತೊಟ್ಟಿಯಲ್ಲಿಟ್ಟು ಆರಿಸಬೇಕು. ಮೇಣ ಆರುವಾಗ ಕುಗ್ಗುತ್ತದೆ, ನೂಲಿನ ಸುತ್ತ ಗುಳಿ ಬೀಳುತ್ತದೆ. ಅದಕ್ಕೆ ಇನ್ನೊಂದು ಸಲ ಮೇಣ ತುಂಬಬೇಕು. ನೂಲು ದಪ್ಪ ಆದರೆ ಹೊಗೆ, ತೆಳ್ಳಗಾದರೆ ಕರಗಿದ ಮೇಣದಲ್ಲೇ ಮುಳುಗಿ ಆರಿಹೋಗುತ್ತದೆ. ಆದ್ದರಿಂದ ಮಾರುವ ಮೊದಲು ಒಂದು ಬತ್ತಿ ಹಚ್ಚಿ ಪೂರ್ತಿ ಉರಿಯುವ ತನಕ ನೋಡಬೇಕು.

ಇಲ್ಲಿ ಒಂದು ಮಾತು. ಬತ್ತಿಯಲ್ಲಿ ನಿಜವಾಗಿ ಉರಿಯುವುದು ಮೇಣದ ಆವಿ. ನೂಲು ಕರಗಿದ ಮೇಣವನ್ನು ಮೇಲಕ್ಕೆ ಎಳೆಯುತ್ತದೆ, ಅದು ಬಿಸಿಗೆ ಆವಿಯಾಗಿ ಉರಿಯುತ್ತದೆ. ಆಗ ತಾನೇ ಊದಿ ಆರಿಸಿದ ಬತ್ತಿಯಿಂದ ಏಳುವ ಬಿಳಿ ಹೊಗೆಗೆ ಬೆಂಕಿಕಡ್ಡಿ ಹಿಡಿದರೆ ನೂಲು ಮುಟ್ಟದೆಯೇ ಮತ್ತೆ ಹತ್ತಿಕೊಳ್ಳುತ್ತದೆ. ಕಮ್ಮಾರನ ಮಗನಾಗಿ ಹುಟ್ಟಿ ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ 1860-61ರಲ್ಲಿ ಲಂಡನ್ನಿನಲ್ಲಿ ಬರೀ ಮೇಣದ ಬತ್ತಿಯ ಮೇಲೆ ಮಕ್ಕಳಿಗೆ ಆರು ಉಪನ್ಯಾಸ ಕೊಟ್ಟರಂತೆ. ಒಂದು ಬತ್ತಿಯಲ್ಲಿ ಅಷ್ಟು ವಿಷಯ ಇದೆ. ಲೆಕ್ಕದ ವಿಷಯವೂ ಇದೆ ಅಂತ ನಾನು ಸೇರಿಸುತ್ತೇನೆ.

ಎಂಟು ದಿನದಲ್ಲಿ 408 ಬತ್ತಿ ಆದವು. ಎಂಟು ಮುರಿದವು. ಉಳಿದ 400ನ್ನು ಹತ್ತು ಹತ್ತರಂತೆ 40 ಪ್ಯಾಕೆಟ್ ಮಾಡಿದೆವು. ಹಬ್ಬದ ಒಳಗೆ ಬೇಕು ಅಂತ ಅಂಗಡಿಯವರು ಅವಸರ ಮಾಡಿದ್ದಕ್ಕೆ ನನ್ನ ಎರಡು ದಿನದ ಶಾಲೆ ಹೋಯಿತು. ಪ್ಯಾಕೆಟ್ಟಿಗೆ 60 ರೂಪಾಯಿಯಂತೆ 2,400 ರೂಪಾಯಿಗೆ ವ್ಯಾಪಾರ ಆಯಿತು. ಅವ್ವನಿಗೆ ಖುಷಿಯೋ ಖುಷಿ. "ಸಾವ್ರ ರೂಪಾಯಿ ಉಳೀತು ನೋಡು ಮಗಾ" ಅಂದಳು.

ನಾನು ನೋಟ್ ಬುಕ್ ತಗೊಂಡು ಕೂತೆ.

ಮೇಣ 10 ಕೆಜಿ: 1,400 ರೂ.
ಸ್ಟಿಯರಿಕ್ ಆಸಿಡ್ ಅರ್ಧ ಕೆಜಿ: 80 ರೂ.
ನೂಲು: 100 ರೂ.
ಬಣ್ಣ: 60 ರೂ.
ಆಟೋ: 120 ರೂ.
ಗ್ಯಾಸು: 150 ರೂ.
ಕವರು, ಚೀಟಿ: 200 ರೂ.
ಒಟ್ಟು ಖರ್ಚು: 2,110 ರೂ.
ಉಳಿದದ್ದು: 290 ರೂ.

ಸಾವಿರ ಎಲ್ಲಿ, 290 ಎಲ್ಲಿ! ಇದರಲ್ಲಿ ಅಚ್ಚಿನ 1,200 ರೂಪಾಯಿ ಸೇರಿಲ್ಲ. ಅಂಗಡಿಯವರು 900 ರೂಪಾಯಿ ಬಾಕಿ ಇಟ್ಟುಕೊಂಡಿದ್ದರು, "ಮುಂದಿನ ವಾರ ಕೊಡ್ತೀನಿ" ಅಂದವರು ದಸರಾ ಮುಗಿದ ಮೇಲೆ ಕೊಟ್ಟರು. ಆ ತಿಂಗಳ ಸಂಘದ ಕಂತನ್ನು ಡೈರಿ ಬಟವಾಡೆ ದುಡ್ಡಿನಿಂದ ಕಟ್ಟಿದೆವು.

ಆಮೇಲೆ ನಾನು ಗಂಟೆ ಲೆಕ್ಕ ಹಾಕಿದೆ. ಅವ್ವ ದಿನಕ್ಕೆ ಮೂರು ಗಂಟೆಯಂತೆ ಎಂಟು ದಿನ, 24 ಗಂಟೆ. ನಾನು ಎಲ್ಲ ಸೇರಿ 12 ಗಂಟೆ. ಒಟ್ಟು 36 ಗಂಟೆಗೆ 290 ರೂಪಾಯಿ. ಅಂದರೆ ಗಂಟೆಗೆ 8 ರೂಪಾಯಿ. ಎಂಟು ಗಂಟೆ ದುಡಿದರೆ 64 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು.

ಇದನ್ನು ಮನೆಯಲ್ಲಿ ಓದಿದಾಗ ನಮ್ಮಜ್ಜಿ ನಕ್ಕುಬಿಟ್ಟಿತು. "ಮನೇಲಿ ಮಾಡೋ ಕೆಲ್ಸಕ್ಕೂ ಯಾರಾದ್ರೂ ಕೂಲಿ ಬರ್ಕೋತಾರೇನೆ? ನಾಳೆ ಮುದ್ದೆ ತಿರುವಿದ್ದಕ್ಕೂ ಕೂಲಿ ಕೇಳು" ಅಂತು. ಅಪ್ಪನೂ, "ಸುಮ್ನೆ ಕೂತಿರೋ ಬದ್ಲು ಬಂದಷ್ಟು ಬರ್ಲಿ ಬುಡವ್ವ" ಅಂದರು. ಊರಲ್ಲಿ ತುಂಬಾ ಜನ ಹೇಳುವುದೂ ಇದನ್ನೇ. ಇದಕ್ಕೆ ಉತ್ತರ ಕೊಡಲೇಬೇಕು ಅಂತ ನನಗೆ ಅನಿಸಿತು.

ಮೊದಲನೆಯದಾಗಿ, ಅವ್ವ ಸುಮ್ಮನೆ ಕೂತಿರಲಿಲ್ಲ. ಆ ಎಂಟು ದಿನದಲ್ಲಿ ಎರಡು ದಿನ ಪಕ್ಕದ ಹೊಲದವರು ಕಳೆ ಕೀಳಲು ಕರೆದಿದ್ದರು. ದಿನಕ್ಕೆ 300 ಕೊಡುತ್ತಿದ್ದರು. ಮೇಣದ ಕೆಲಸ ಇದೆ ಅಂತ ಅವ್ವ ಹೋಗಲಿಲ್ಲ. ಅಲ್ಲಿ 600 ಬಿಟ್ಟು ಇಲ್ಲಿ 290 ಸಂಪಾದಿಸಿದ ಹಾಗಾಯಿತು. ನನ್ನ ಎರಡು ದಿನದ ಪಾಠದ ಬೆಲೆ ಯಾರೂ ಹೇಳಲಿಲ್ಲ. ಆ ದಿನ ಮಾಡಿದ ಲೆಕ್ಕದ ಅಧ್ಯಾಯ ನನಗೆ ಇವತ್ತಿಗೂ ಅರ್ಧ ಅರ್ಥವಾಗಿಲ್ಲ.

ಎರಡನೆಯದಾಗಿ, ಅಪ್ಪನ ಕಬ್ಬಿನ ಲೆಕ್ಕದ ಪುಸ್ತಕ ತೆಗೆದು ತೋರಿಸಿದೆ. ಅದರ ಮೊದಲ ಸಾಲೇ "ಆಳಿನ ಕೂಲಿ". ಗೊಬ್ಬರ, ಬಿತ್ತನೆ ಎಲ್ಲ ಆಮೇಲೆ. ಗಂಡಸರ ಕೆಲಸದ ಲೆಕ್ಕದಲ್ಲಿ ಮೊದಲ ಸಾಲಿಗೆ ಬರುವ ಕೂಲಿ ಹೆಂಗಸರ ಕೆಲಸದ ಲೆಕ್ಕದಲ್ಲಿ ಕೊನೆಯ ಸಾಲಿಗೂ ಬರುವುದಿಲ್ಲ ಯಾಕೆ? ಅಪ್ಪ ಪುಸ್ತಕ ನೋಡಿದರು, ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ.

ಮೂರನೆಯದು ಮುಖ್ಯವಾದದ್ದು. ಕೂಲಿ ಹಿಡಿಯದಿದ್ದರೆ ಬೆಲೆ ತಪ್ಪುತ್ತದೆ. ನಾವು 60 ರೂಪಾಯಿ ಅಂತ ಹೇಳಿದ್ದು ಹೇಗೆ? ಅಂಗಡಿಯವರು ಹೇಳಿದರು, ನಾವು ಹೂಂ ಅಂದೆವು. ನರೇಗಾ ಕೂಲಿಯ ಪ್ರಕಾರ ಗಂಟೆಗೆ 46 ರೂಪಾಯಿ ಹಿಡಿದು ಲೆಕ್ಕ ಮಾಡಿದರೆ ಒಂದು ಪ್ಯಾಕೆಟ್ಟಿಗೆ 94 ರೂಪಾಯಿ ಬೀಳುತ್ತದೆ. ಅದೇ ಅಂಗಡಿಯಲ್ಲಿ ಫ್ಯಾಕ್ಟರಿಯ ಹತ್ತು ಬತ್ತಿ 70 ರೂಪಾಯಿಗೆ ಸಿಗುತ್ತಿತ್ತು. ಅವರು ಮೇಣವನ್ನು ಟನ್ ಲೆಕ್ಕದಲ್ಲಿ ಕೊಳ್ಳುತ್ತಾರೆ, ಮೆಷಿನ್ನಿನಲ್ಲಿ ಹೊಯ್ಯುತ್ತಾರೆ. ನಾವು ಅವರ ಜೊತೆ ಪೈಪೋಟಿ ಮಾಡಿದ್ದು ಅವ್ವನ ಕೂಲಿಯನ್ನು ಸೊನ್ನೆ ಮಾಡಿ. ಕೂಲಿ ಬರೆದುಕೊಂಡಿದ್ದರೆ, ಈ ಬಿಳಿ ಬತ್ತಿ ನಮಗೆ ಆಗುವ ವ್ಯಾಪಾರ ಅಲ್ಲ ಅಂತ ಮೊದಲನೇ ದಿನವೇ ಗೊತ್ತಾಗುತ್ತಿತ್ತು.

ಮೇಣದ ಬೆಲೆ ಕೂಡ ನಮ್ಮ ಕೈಯಲ್ಲಿಲ್ಲ. ಪ್ಯಾರಾಫಿನ್ ಮೇಣ ಬರುವುದು ಕಚ್ಚಾ ತೈಲದಿಂದ. 1901ರಲ್ಲಿ ಶುರುವಾದ ಅಸ್ಸಾಮಿನ ದಿಗ್ಬೋಯ್ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಪೆಟ್ರೋಲಿನ ಜೊತೆ ಮೇಣವನ್ನೂ ತೆಗೆಯುತ್ತಾರೆ. ಎಲ್ಲೋ ತೈಲದ ಬೆಲೆ ಏರಿದರೆ ನಮ್ಮ ಅಡುಗೆಮನೆಯ ಲೆಕ್ಕ ಏರುಪೇರಾಗುತ್ತದೆ.

ಇನ್ನೊಂದು ವಿಷಯ. ಮೊದಲು ಊರಲ್ಲಿ ಕರೆಂಟು ಹೋದರೆ ಎಲ್ಲರ ಮನೆಯಲ್ಲೂ ಬತ್ತಿ ಹಚ್ಚುತ್ತಿದ್ದರಂತೆ. ನಿರಂತರ ಜ್ಯೋತಿ ಯೋಜನೆ ಬಂದು ಮನೆಯ ಲೈನು ಬೇರೆ, ಪಂಪ್‌ಸೆಟ್ ಲೈನು ಬೇರೆ ಆಯಿತು. ಈಗ ಕರೆಂಟು ಹೋದರೂ ಮೊಬೈಲ್ ಟಾರ್ಚು ಇದೆ, ಚಾರ್ಜಿನ ಬಲ್ಬು ಇದೆ. ಬೆಳಕಿಗಾಗಿ ಬತ್ತಿ ಕೊಳ್ಳುವವರು ಕಡಿಮೆ. ಆದರೆ ಹಬ್ಬಕ್ಕೆ, ಹರಕೆಗೆ, ಅಲಂಕಾರಕ್ಕೆ ಕೊಳ್ಳುವವರು ಇದ್ದಾರೆ. ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಯಲ್ಲಿ ಎಲ್ಲ ಜಾತಿ ಧರ್ಮದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ. ಕ್ರಿಸ್‌ಮಸ್ಸಿಗೆ ಬೇಕು, ದೀಪಾವಳಿಗೆ ಬೇಕು. ಮಾಡುವ ಮೊದಲು "ಯಾರು ಕೊಳ್ತಾರೆ, ಯಾಕೆ ಕೊಳ್ತಾರೆ" ಅಂತ ಕೇಳಿಕೊಳ್ಳಬೇಕು. ನಾವು ಮಾಡಿ ಆದ ಮೇಲೆ ಕೇಳಿದೆವು.

ಹಾಗಾದರೆ ಈ ಕೆಲಸ ಬೇಡವೇ ಅಂತ ನೀವು ಕೇಳಬಹುದು. ಬೇಡ ಅಂತ ನಾನು ಹೇಳುವುದಿಲ್ಲ. ದೀಪಾವಳಿಗೆ ನಾವು ಇನ್ನೊಂದು ಸಲ ಮಾಡಿದೆವು. ಈ ಸಲ ಮೊದಲು ಲೆಕ್ಕ, ಆಮೇಲೆ ಒಲೆ. ನಮ್ಮ ಪಕ್ಕದೂರಿನ ಕುಂಬಾರರ ಹತ್ತಿರ 2 ರೂಪಾಯಿಗೆ ಒಂದರಂತೆ 200 ಹಣತೆ ತಂದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಅದಕ್ಕೆ ಬಣ್ಣದ ಮೇಣ ತುಂಬಿದೆವು. ಆರು ಹಣತೆಗೆ ಒಂದು ಡಬ್ಬಿ. ಎರಡು ಒಡೆದವು, 33 ಡಬ್ಬಿ ಆಯಿತು. ಹಣತೆ 400, ಮೇಣ 4 ಕೆಜಿ 560, ನೂಲು 120, ಡಬ್ಬಿ 198, ಆಟೋ 120, ಗ್ಯಾಸು 60. ಒಟ್ಟು 1,458 ರೂಪಾಯಿ. ಮಾಡುವ ಮೊದಲೇ ಅವ್ವ ಮತ್ತು ಚಿಕ್ಕಮ್ಮ ಬ್ಯಾಂಕು, ಆಸ್ಪತ್ರೆ, ನಮ್ಮ ಶಾಲೆ, ತಾಲ್ಲೂಕು ಆಫೀಸಿಗೆ ಹೋಗಿ ಒಂದು ಮಾದರಿ ತೋರಿಸಿ ಯಾರಿಗೆ ಎಷ್ಟು ಬೇಕು ಅಂತ ಬರೆದುಕೊಂಡು ಬಂದಿದ್ದರು. ಡಬ್ಬಿಗೆ 90 ರೂಪಾಯಿ, ಕೈಗೆ ದುಡ್ಡು. 2,970 ರೂಪಾಯಿ ಬಂತು. 1,512 ಉಳಿಯಿತು. ಅವ್ವನದು 15 ಗಂಟೆ, ಭಾನುವಾರ ಮಾತ್ರ ಮಾಡಿದ ನನ್ನದು 5 ಗಂಟೆ. ಗಂಟೆಗೆ 75 ರೂಪಾಯಿ ಬಿತ್ತು. ಶಾಲೆ ಒಂದು ದಿನವೂ ತಪ್ಪಲಿಲ್ಲ.

ಇದನ್ನು ಹೇಳಿ ಜಂಬ ಪಡುತ್ತಿಲ್ಲ. ಇದು ಹಬ್ಬದ ವ್ಯಾಪಾರ. ದೀಪಾವಳಿ ತಿಂಗಳಿಗೊಂದು ಬರುವುದಿಲ್ಲ. ಸಂಘದ ಸಾಲ ಇನ್ನೂ ಮುಗಿದಿಲ್ಲ. ಆದರೂ ಎರಡು ಲೆಕ್ಕಕ್ಕೂ ಇರುವ ವ್ಯತ್ಯಾಸ ನೋಡಿ. ಕೈ ಅದೇ, ಮೇಣ ಅದೇ, ಒಲೆ ಅದೇ. ಕೂಲಿಯನ್ನು ಬರೆದುಕೊಂಡದ್ದರಿಂದ ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು, ಎಷ್ಟು ಬೆಲೆ ಹೇಳಬೇಕು ಅಂತ ಗೊತ್ತಾಯಿತು.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟು:

1. ಸಾಲ ಮಾಡುವ ಮೊದಲು ಎರಡು ಕೆಜಿ ಮೇಣದಲ್ಲಿ ಮಾಡಿ ನೋಡಿ. ಅಚ್ಚನ್ನು ಆಮೇಲೆ ಕೊಳ್ಳಬಹುದು. ಹಣತೆ, ತೆಂಗಿನ ಚಿಪ್ಪು, ಹಳೇ ಸ್ಟೀಲ್ ಲೋಟ ಸಾಕು.
2. ಕೊಳ್ಳುವವರನ್ನು ಮೊದಲು ಹುಡುಕಿ. ಸಾಲ ಹೇಳುವ ಅಂಗಡಿಗೆ ಸ್ವಲ್ಪವೇ ಕೊಡಿ, ಹಳೇ ಬಾಕಿ ಬಂದ ಮೇಲೆ ಹೊಸ ಮಾಲು.
3. ಮೇಣದ ಪಾತ್ರೆ ಯಾವಾಗಲೂ ನೀರಿನ ಪಾತ್ರೆಯೊಳಗೆ.
4. ಗಂಟೆ ಬರೆದುಕೊಳ್ಳಿ. ಅವ್ವನದೂ, ಅಕ್ಕನದೂ, ನಿಮ್ಮದೂ.
5. ಸರಿಯಾಗಿ ಕಲಿಯಬೇಕೆಂದರೆ ಒಂದು ದಿನದ ತರಬೇತಿ ಸಾಲದು. ಧರ್ಮಸ್ಥಳದ ಹತ್ತಿರ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಅದೇ ಮಾದರಿಯಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಗಳು ಆಗಿವೆ. ಅಲ್ಲಿ ಊಟ ವಸತಿ ಸಮೇತ ಉಚಿತವಾಗಿ ಕಲಿಸುತ್ತಾರೆ. ಯಾವ ತರಬೇತಿ ಯಾವಾಗ ಅಂತ ಹೋಗಿ ಕೇಳಿ.

ನಮ್ಮ ತರಗತಿಯಲ್ಲಿ ಎಷ್ಟೋ ಜನರ ಮನೆಯಲ್ಲಿ ಹೂ ಕಟ್ಟುತ್ತಾರೆ, ಊದಿನ ಕಡ್ಡಿ ಹೊಸೆಯುತ್ತಾರೆ, ಹಪ್ಪಳ ಒತ್ತುತ್ತಾರೆ. ಅವರೆಲ್ಲರ ಮನೆಯಲ್ಲೂ "ಮನೇಲಿ ಕೂತು ಮಾಡೋದಲ್ವಾ" ಅನ್ನುವ ಮಾತು ಇದ್ದೇ ಇರುತ್ತದೆ. ಕೂತು ಮಾಡಿದರೂ ಅದು ಕೆಲಸವೇ. ಸೊಂಟ ನೋಯುವುದು ಕೂತವರಿಗೇ. ಗೆಳತಿಯರೇ, ಗೆಳೆಯರೇ, ಒಂದೇ ಒಂದು ವಾರ ನಿಮ್ಮ ಮನೆಯಲ್ಲಿ ಈ ಗಂಟೆಗಳನ್ನು ಬರೆದು ನೋಡಿ. ಬಂದ ದುಡ್ಡನ್ನು ಗಂಟೆಯಿಂದ ಭಾಗಿಸಿ. ಭಾಗಾಕಾರ ನಮಗೆ ಮೂರನೇ ತರಗತಿಯಲ್ಲೇ ಕಲಿಸಿದ್ದಾರೆ. ಅದನ್ನು ಅವ್ವಂದಿರ ಮೇಲೆ ಯಾಕೆ ಉಪಯೋಗಿಸಬಾರದು?

ನಮ್ಮವ್ವನಿಗೆ ಬರೆಯಲು ಅಷ್ಟಾಗಿ ಬರುವುದಿಲ್ಲ. ಈಗ ಒಲೆ ಪಕ್ಕದ ಕ್ಯಾಲೆಂಡರಿನಲ್ಲಿ ಗಂಟೆಗೊಂದು ಗೀಟು ಹಾಕುತ್ತಾಳೆ. ಮೊನ್ನೆ ಕ್ರಿಸ್‌ಮಸ್ಸಿಗೆ ಬಿಳಿ ಬತ್ತಿ ಬೇಕು ಅಂತ ಅಂಗಡಿಯವರು ಬಂದಿದ್ದರು. ಅದೇ 60 ರೂಪಾಯಿ ಅಂದರು. ಅವ್ವ ಒಳಗೆ ಹೋಗಿ ಕ್ಯಾಲೆಂಡರ್ ನೋಡಿ ಬಂದು, "ಗಿಟ್ಟಲ್ಲ ಕಣಣ್ಣ" ಅಂದಳು. ಅಜ್ಜಿ ಈ ಸಲ ನಗಲಿಲ್ಲ.

ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಗಣಿತದ ಮೇಷ್ಟ್ರು ತಿದ್ದಬೇಕು. ನಿಮ್ಮ ಮನೆಯ ಲೆಕ್ಕ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆದು ಕೊಡಿ, ಇದೇ ಗೋಡೆಯ ಮೇಲೆ ಅಂಟಿಸೋಣ.

ಇಂತಿ,
ಹತ್ತನೇ ತರಗತಿಯ ವಿದ್ಯಾರ್ಥಿನಿ